ಕಣ್ಣಿಗಿಂತ ಮುಂದೆ ಓಡಿದ ಹಾಡು

ಬೀದಿದೀಪ ಇನ್ನೂ ಆರಿಲ್ಲ. ಹೊಲಿಗೆ ಕಾರ್ಖಾನೆಯ ಹಿಂದಿರುವ ಶಿಶುವಿಹಾರದಲ್ಲಿ ಆಗಲೇ ಹಾಡು ಶುರು. "ಬೆಕ್ಕು ಬಂತು ಮೆಲ್ಲ, ಬಟ್ಟಲ ಹಾಲು..." ಎಂದು ಬೇಕಂತಲೇ ನಿಲ್ಲಿಸುತ್ತಾರೆ ಆಯಾ. ನಿದ್ದೆಗಣ್ಣಿನ ಮಕ್ಕಳು ಒಟ್ಟಿಗೆ ಕಿರುಚುತ್ತವೆ: "ಇಲ್ಲ!"

ಮಕ್ಕಳಿಗೆ ಇವರು ಹಾಡಜ್ಜಿ. ಮೊದಲ ಪಾಳಿಯ ತಾಯಂದಿರು ಮಕ್ಕಳನ್ನು ಬಿಟ್ಟು ಓಡಿದ ಮೇಲೆ ಶೂ ಬಿಚ್ಚುವುದು, ಚಾಪೆ ಹಾಸುವುದು ಎಲ್ಲ ಇವರದೇ. ಹಾಡು ಮಾತ್ರ ಯಾರೂ ಹೇಳಿದ ಕೆಲಸವಲ್ಲ. "ಸುಮ್ನೆ ಮೂಗು ಒರೆಸಿದ್ರೆ ಅಳ್ತಾವೆ. ಹಾಡ್ತಾ ಒರೆಸಿದ್ರೆ ಇನ್ನೊಂದ್ಸಲ ಒರೆಸು ಅಂತಾವೆ!"

ಸಾಲಿನ ಕೊನೆಯ ಪದ ಮಕ್ಕಳಿಗೇ ಬಿಡುವುದು ಇವರ ಉಪಾಯ. ಮಾತೇ ಆಡದ ಮಗು ಎಷ್ಟೋ ಸಲ ಮೊದಲು ಬಾಯಿ ಬಿಡುವುದು ಆ ಖಾಲಿ ಜಾಗದಲ್ಲೇ. ಆಮೇಲೆ ಅದೇ ಹಾಡು ದಪ್ಪ ಅಕ್ಷರದಲ್ಲಿ ಗೋಡೆಗೆ ಬರುತ್ತದೆ. ಪದದ ಕೆಳಗೆ ಬೆರಳಿಟ್ಟು ಹಾಡಿಸುತ್ತಾರೆ.

ಹಾಡಜ್ಜಿ ಎಡವಿದ್ದೂ ಅಲ್ಲೇ. ಹೋದ ವರ್ಷ ಗುಬ್ಬಿ ಎಂಬ ಪುಟಾಣಿ ಗೋಡೆಯ ಹಾಡುಗಳನ್ನೆಲ್ಲ ಬೆರಳಿಟ್ಟು ಪಟಪಟ ಹೇಳಿಬಿಟ್ಟಳು. "ನಿನ್ ಮಗಳಿಗೆ ಓದೋಕೆ ಬಂತು ಕಣಮ್ಮ!" ಎಂದು ಹಾಡಜ್ಜಿ ಅವಳಮ್ಮನ ಕೈ ಹಿಡಿದು ಕುಣಿದರು. ಆದರೆ ಒಂದನೇ ತರಗತಿಯಲ್ಲಿ ಮೇಷ್ಟ್ರು ಹೊಸ ಪುಟ ತೆಗೆದು ಕೊಟ್ಟರೆ, ಗುಬ್ಬಿ ಅದರ ಮೇಲೂ ಬೆರಳಿಟ್ಟು ಬೆಕ್ಕಿನ ಹಾಡನ್ನೇ ಹಾಡಿದಳು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವಳು ಪುಸ್ತಕ ಮುಟ್ಟುತ್ತಿಲ್ಲ. ಹಾಡುತ್ತಲೂ ಇಲ್ಲ.

"ಬಾಯಿಪಾಠ ಆಗಿತ್ತು ಅಷ್ಟೇ. ಒಂದು ಪದ ಬದಲಾಯಿಸಿ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ನಂಗೇ ಖುಷಿ ತಡೆಯೋಕಾಗ್ಲಿಲ್ಲ" ಎನ್ನುತ್ತಾರೆ ಹಾಡಜ್ಜಿ.

ಈಗ ಪದಗಳು ರಟ್ಟಿನ ಚೂರುಗಳ ಮೇಲಿವೆ. 'ಬೆಕ್ಕು' ತೆಗೆದು ಆ ಜಾಗಕ್ಕೆ 'ಕಪ್ಪೆ' ಇಡುತ್ತಾರೆ. ತಾವೇ ಮೊದಲು "ಬೆಕ್ಕು" ಎಂದು ತಪ್ಪು ಓದಿ ಬೈಸಿಕೊಳ್ಳುತ್ತಾರೆ.

"ಅಯ್ಯೋ ಅಜ್ಜೀ, ಕಣ್ಣು ಕಾಣಲ್ವಾ? ಕಪ್ಪೆ ಅದು!"

"ನಗೋದಾದ್ರೆ ನನ್ನ ನೋಡಿ ನಗಲಿ, ಮಕ್ಕಳನ್ನ ನೋಡಿ ಬೇಡ" ಎಂದು ಮೆಲ್ಲಗೆ ಹೇಳುತ್ತಾರೆ.

ಅಷ್ಟರಲ್ಲಿ ಗುಬ್ಬಿಯ ಅಮ್ಮ ಚಿಕ್ಕ ಮಗುವನ್ನು ಬಿಡಲು ಬರುತ್ತಾರೆ, ಜೊತೆಗೆ ಗುಬ್ಬಿ. "ಬಾರೇ ಪುಟ್ಟಿ, ಕಪ್ಪೆ ಹಾಲು ಕುಡಿದಿದೆ, ನೋಡು ಬಾ." ಗುಬ್ಬಿ ಅಮ್ಮನ ಬೆನ್ನ ಹಿಂದೆ ಸರಿಯುತ್ತಾಳೆ.

"ಬಿಡಿ ಅಜ್ಜಿ. ಹಾಡು ಅಂದ್ರೆ ಸಾಕು, ಮುಖ ಮುಚ್ಕೋತಾಳೆ."

ತಾಯಿ ಮಗಳು ತಿರುವು ದಾಟುವವರೆಗೂ ಹಾಡಜ್ಜಿ ನೋಡುತ್ತಾರೆ. "ಓದೋದು ಇವತ್ತಲ್ಲ ನಾಳೆ ಬರತ್ತೆ, ಮೇಷ್ಟ್ರು ಕಲಿಸ್ತಾರೆ. ಸ್ನಾನ ಮಾಡ್ತಾ, ಆಟ ಆಡ್ತಾ ಗುಬ್ಬಿ ಒಂದು ಸಾಲು ಗುನುಗಲಿ, ಸಾಕು. ನನ್ನ ಕಿವಿಗೆ ಬೀಳದಿದ್ರೂ ಪರವಾಗಿಲ್ಲ."