ಫೋನಿನ ಏಕಾದಶಿ

ನನ್ನ ಫೋನಿಗೆ ನಾನು ಏಕಾದಶಿ ಮಾಡಿಸುತ್ತಿದ್ದೆ. ಆ ದಿನ ಚಾರ್ಜರ್ ಸೋಕಿಸುವಂತಿಲ್ಲ. ಅದು ತಾನಾಗಿ ಕಣ್ಣು ಮುಚ್ಚಬೇಕು. ದ್ವಾದಶಿ ಬೆಳಿಗ್ಗೆ ಪಾರಣೆ, ನೂರಕ್ಕೆ ನೂರು. ಉಳಿದ ದಿನ ಇಡೀ ರಾತ್ರಿ ದಿಂಬಿನ ಪಕ್ಕ ಚಾರ್ಜು. ಪೂರ್ತಿ ಖಾಲಿಯಾಗದೆ ತುಂಬಿಸಬೇಡಿ ಎಂದು ಮೊದಲ ಸೆಲ್‌ಫೋನ್ ಕೊಂಡಾಗ ಯಾರೋ ಹೇಳಿದ್ದರು. ಆಮೇಲೆ ಫೋನುಗಳು ಬದಲಾದವು, ನಾನು ಬದಲಾಗಲಿಲ್ಲ.

ಶಿವಾಜಿನಗರದ ರಿಪೇರಿ ಅಂಗಡಿಯ ಸಾಹೇಬರು ಉಬ್ಬಿದ ಬ್ಯಾಟರಿ ನೋಡಿ ತಲೆ ಚಚ್ಚಿಕೊಂಡರು.

"ಸಾರ್, ನಾನು ರೋಜಾ ಇಡ್ತೀನಿ, ನೀವು ಏಕಾದಶಿ ಮಾಡ್ತೀರಿ. ನಮಗೆ ಪುಣ್ಯ ಸಿಗುತ್ತೆ. ಇದಕ್ಕೇನ್ ಸಿಗುತ್ತೆ? ಇಪ್ಪತ್ತಕ್ಕೆ ಬಂದ್ರೆ ಹಾಕಿ, ಎಂಬತ್ತಕ್ಕೆ ತೆಗೀರಿ. ಮೊದ್ಲು ಈ ಬ್ಯಾಟರಿ ಬದಲಾಯ್ಸಿ."

"ನೋಡೋಣ" ಎಂದು ಬಂದುಬಿಟ್ಟೆ. ಶಿಸ್ತು ಎಂದರೇನು ಎಂಬುದು ಈಗಿನವರಿಗೆ ತಿಳಿಯದು.

ಮುಂದಿನ ಏಕಾದಶಿಯ ಬೆಳಿಗ್ಗೆ ಕೆ.ಆರ್. ಪುರದ ಆಸ್ಪತ್ರೆಯಿಂದ ಕರೆ. ಪಿತ್ತಕೋಶದ ಕಲ್ಲಿನಿಂದ ಅಕ್ಕ ಎರಡು ದಿನದಿಂದ ಅಲ್ಲಿ ನರಳುತ್ತಿದ್ದಳು. "ಆಪರೇಷನ್ ಇವತ್ತೇ. ಮನೆಯವ್ರೊಬ್ರು ಒಪ್ಪಿಗೆ ಹೇಳ್ಬೇಕು. ಹತ್ತಕ್ಕೆ ಡಾಕ್ಟರೇ ಫೋನ್ ಮಾಡ್ತಾರೆ. ನೀವು ಸಿಗ್ಲಿಲ್ಲ ಅಂದ್ರೆ ಸರದಿ ಬೇರೆಯವ್ರಿಗೆ ಹೋಗುತ್ತೆ."

ರಾತ್ರಿಯಿಡೀ ತುಂಬಿಸಿದ್ದರೂ ಹಲಸೂರಿನಲ್ಲಿ ಮೆಟ್ರೊ ಹತ್ತಿದಾಗ ಆ ಉಬ್ಬಿದ ಬ್ಯಾಟರಿಯಲ್ಲಿ ಮೂವತ್ತೊಂದಿತ್ತು. ಇಂದಿರಾನಗರಕ್ಕೆ ಹದಿನಾಲ್ಕು. ಬೈಯಪ್ಪನಹಳ್ಳಿ ದಾಟುವಾಗ ಆರು. ಬೆಳಕು ತಗ್ಗಿಸಿ, ಇಂಟರ್‌ನೆಟ್ ಆರಿಸಿ, ಗಾಳಿಗಿಟ್ಟ ದೀಪದ ಹಾಗೆ ಎರಡೂ ಕೈಯಿಂದ ಮುಚ್ಚಿಕೊಂಡೆ.

"ಅಂಕಲ್, ಹುಷಾರಾಗಿದೀರಾ?" ಪಕ್ಕದ ಹುಡುಗಿ ಕೇಳಿದಳು.

"ನಾನು ಇದೀನಮ್ಮ. ಇದು ಇಲ್ಲ."

ಕೆ.ಆರ್. ಪುರದಲ್ಲಿ ಇಳಿದಾಗ ಎರಡು. ಹೊರಗೆ ಬಿಡಲು ಗೇಟಿಗೆ ಟಿಕೆಟ್ ತೋರಿಸಬೇಕು. ಟಿಕೆಟ್ ಇರುವುದು ಫೋನಿನೊಳಗೆ. ಅದನ್ನು ತೆರೆದರೆ ಡಾಕ್ಟರ ಕರೆಗೆ ಜೀವ ಉಳಿಯದು. ಒಳಗೇ ನಿಂತೆ. ಜನ ನನ್ನನ್ನು ಬಳಸಿಕೊಂಡು ಹೋದರು. ಹತ್ತಾಯಿತು. ಬಂತು.

"ಡಾಕ್ಟರ್ ಮಾತಾಡ್ತಿರೋದು. ನಿಮ್ಮ ಅಕ್ಕಂಗೆ ಆಪರೇಷನ್..."

"ಮಾಡಿ, ಮಾಡಿ!" ಎಂದು ಕೂಗಿದೆ. ಅಷ್ಟರಲ್ಲಿ ಪರದೆ ಕಪ್ಪಾಗಿತ್ತು.

"ಟಿಕೆಟ್ ಸಾರ್?" ಎಂದ ಗೇಟಿನವನು.

"ತೀರಿಕೊಂಡಿತು."

ನನ್ನ ಮುಖ ಕಂಡು ಹೆಚ್ಚು ಕೇಳದೆ, ಕೌಂಟರಿನಲ್ಲಿ ಬೇರೆ ಟಿಕೆಟ್ ಕೊಡಿಸಿ ಬಿಟ್ಟ. ಓಡಿದೆ. ವಾರ್ಡಿನಲ್ಲಿ ಅಕ್ಕನ ಹಾಸಿಗೆ ಖಾಲಿ.

"ಒಳಗೆ ಕರ್ಕೊಂಡ್ ಹೋದ್ರು ಸಾರ್" ಎಂದಳು ನರ್ಸು, ನಗು ತಡೆದುಕೊಂಡು. "ನಿಮ್ ಫೋನ್ ಕಟ್ಟಾಯ್ತಲ್ಲ, ನಿಮ್ಮಕ್ಕ ಡಾಕ್ಟರಿಗೇ ಬೈದ್ರು: 'ಅವನ ಫೋನಿಗೆ ಇವತ್ತು ಏಕಾದಶಿ ಕಣಪ್ಪ. ಅದು ಬಾಯಿ ಬಿಡೋದು ನಾಳೆ. ಅಲ್ಲೀವರೆಗೂ ನಾನು ನರಳ್ಲಾ? ಹೊಟ್ಟೆ ನನ್ದು, ಒಪ್ಪಿಗೆ ನನ್ದೇ. ಕೊಯ್ಯಿ.'"

ನರ್ಸಿನ ಮೇಜಿನ ಮೇಲಿದ್ದ ಚಾರ್ಜರನ್ನು ಬೇಡಿ ಪಡೆದು, ಏಕಾದಶಿ ಮುರಿದೆ. ಎಂಬತ್ತಕ್ಕೆ ಬಂದಾಗ ತೆಗೆದೆ. ಅಕ್ಕ ಆಗಷ್ಟೇ ಕಣ್ಣು ಬಿಟ್ಟಿದ್ದಳು.