ಗಣಿಯೂರಿನ ಚರ್ಚಿನಲ್ಲಿ ತೆಗೆದ ಸೆಲ್ಫಿ

ಆಸ್ಟ್ರೇಲಿಯಾದ ಪರ್ತ್ ನಗರದ ವೆಲ್ಷ್‌ಪೂಲಿನಲ್ಲಿ ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ವಿಶಾಲಾಕ್ಷಿ ಹದಿನೇಳು ವರ್ಷ ದುಡಿದವರು. ರಕ್ತ, ವಾಂತಿ, ಮಲ ಮೆತ್ತಿದ ಹಾಸು ಹೊದಿಕೆಗಳನ್ನು ಬೇರೆ ಮಾಡುವುದೇ ಕೆಲಸ. ಒಂದು ದಿನವೂ ಮೂಗು ಮುರಿದವರಲ್ಲ. ಅಂಥವರಿಗೆ ಹೇಸಿಗೆ ಎಂದರೇನೆಂದು ಗೊತ್ತಾದದ್ದು ಹೋದ ವರ್ಷ, ಮೆಕ್ಸಿಕೋದಲ್ಲಿ.

ಗಂಡ ಮಹಾಬಲೇಶ್ವರ ಎಂಜಿನಿಯರ್ ಕೆಲಸದಿಂದ ನಿವೃತ್ತರಾದ ಸಂತೋಷಕ್ಕೆ ಇಬ್ಬರೂ ಲಾಸ್ ಏಂಜಲೀಸ್‌ನಲ್ಲಿ ಪ್ರವಾಸಿ ಹಡಗು ಹತ್ತಿದ್ದರು. ನಾಲ್ಕನೇ ದಿನ ಮೆಕ್ಸಿಕೋದ ಒಂದು ಬಂದರಿನಲ್ಲಿ ಇಳಿದು, ಬಸ್ಸಿನಲ್ಲಿ ಬೆಟ್ಟದ ಮೇಲಿನ ಹಳೆಯ ಬೆಳ್ಳಿಗಣಿಯ ಊರಿಗೆ ಹೋದರು. ಕಲ್ಲು ಹಾಸಿದ ಬೀದಿ, ಹೆಂಚಿನ ಮನೆಗಳು, ಶತಮಾನಗಳ ಚರ್ಚು. ಊರು ವಿಶಾಲಾಕ್ಷಿಗೆ ಹಿಡಿಸಿತ್ತು.

ಚರ್ಚಿನಲ್ಲಿ ಅಂದು ಯಾರದೋ ಸಾವಿನ ಪ್ರಾರ್ಥನೆ. ಗೈಡ್ ಹೊರಗೇ ಇರಿ ಎಂದರೂ ಕೇಳದೆ ಬಸ್ಸಿನ ಅರ್ಧ ಜನ ಒಳಗೆ ನುಗ್ಗಿದರು. ಚಡ್ಡಿಯಲ್ಲಿ, ಬಿಯರ್ ಡಬ್ಬಿ ಹಿಡಿದುಕೊಂಡೇ. ಗಂಡನನ್ನು ಕರೆಯಲು ವಿಶಾಲಾಕ್ಷಿ ಬಾಗಿಲಿಗೆ ಬಂದರೆ, ಆತ ಶವಪೆಟ್ಟಿಗೆಗೆ ಬೆನ್ನು ಮಾಡಿ, ಹಲ್ಲು ಕಿರಿಯುತ್ತ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಪೆಟ್ಟಿಗೆಯ ಪಕ್ಕ ಕೂತಿದ್ದ ಮುದುಕಿ ಕಪ್ಪು ಶಾಲನ್ನು ಮುಖದ ಮೇಲೆ ಎಳೆದುಕೊಂಡಳು.

ವಿಶಾಲಾಕ್ಷಿ ಬಾಗಿಲಿನಿಂದಲೇ ಹಿಂದೆ ಸರಿದರು. ಹೊರಗೆ ಬಂದ ಗಂಡನಿಗೆ ಆ ಫೋಟೋ ಅಳಿಸಿ ಎಂದರು.

“ಆಗ್ಲೇ ಗ್ರೂಪಿಗೆ ಹಾಕ್ಬಿಟ್ಟೆ ಕಣೇ. ನೋಡು, ಎಷ್ಟು ಲೈಕ್ ಬಂದಿದೆ.”

ಪರ್ತ್‌ನ ಕನ್ನಡದವರ ವಾಟ್ಸಾಪ್ ಗ್ರೂಪು. ಮೂವರು ‘ಸೂಪರ್ ಸರ್’ ಎಂದಿದ್ದರು. ಹಿಂದೆ ಕಾಣುವ ಪೆಟ್ಟಿಗೆ ಯಾವುದೆಂದು ಒಬ್ಬರು ಕೇಳಿದ್ದಕ್ಕೆ ಮಹಾಬಲೇಶ್ವರ ನಗುವ ಮುಖವೊಂದನ್ನು ಹಾಕಿದ್ದರು.

“ಸತ್ತೋರ ಮುಂದೆ ನಗೋಕೆ ಹೇಗೆ ಮನಸ್ಸು ಬಂತ್ರೀ ನಿಮ್ಗೆ?”

“ಅವ್ರೇನು ನಮ್ಗೆ ಗೊತ್ತಿರೋರಾ?” ಎಂದರು ಗಂಡ, ನಿಜವಾಗಿಯೂ ಅರ್ಥವಾಗದೆ.

ಮೂವತ್ತೊಂದು ವರ್ಷ ಜೊತೆಗೆ ಉಂಡ ಮನುಷ್ಯನ ಎದುರು ಅಂದು ವಿಶಾಲಾಕ್ಷಿಗೆ ಒಂದು ತುತ್ತೂ ಇಳಿಯುವಂತಿರಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಚರ್ಚಿನ ಎದುರು ಚಪ್ಪಲಿ ಬಿಟ್ಟು ನಿಂತರು. ಪೆಟ್ಟಿಗೆ ಹೊರಗೆ ಬಂದಾಗ ಕೈ ಮುಗಿದರು. ಮುದುಕಿ ಇವರನ್ನೂ ಅದೇ ಗುಂಪಿನವರೆಂದು ತಿಳಿದು ಮುಖ ತಿರುಗಿಸಿ ನಡೆದಳು. ಆಕೆ ಮಾಡಿದ್ದು ಸರಿಯೇ ಅನ್ನಿಸಿತು.

ವಾಪಸು ಬರುವಾಗ ವಿಶಾಲಾಕ್ಷಿ ಡ್ರೈವರ್ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತರು. ಸಂಜೆ ಗಂಡ ಫೋಟೋ ಅಳಿಸಿದರು. ಹೆಂಡತಿಯ ಮುನಿಸು ತಾಳಲಾರದೆ ಅಳಿಸಿದ್ದು, ಅಷ್ಟೇ. ಅದು ತಿಳಿದು ಇನ್ನಷ್ಟು ಅಸಹ್ಯವಾಯಿತು. ಮುಂದಿನ ಎರಡು ಬಂದರುಗಳಲ್ಲಿ ವಿಶಾಲಾಕ್ಷಿ ಹಡಗಿನಿಂದ ಇಳಿಯಲೇ ಇಲ್ಲ.