ಕಾರ್ಬನ್ ಬಟ್ಟೆಯ ಸೀರೆ ಗಾರ್ಡ್

ಹೊಸ ಬಟ್ಟೆ ಮನೆಗೆ ಬಂದರೆ ಮೊದಲು ನೀರಿಗೆ ಹಾಕಬೇಕು, ಆಮೇಲೆ ಕತ್ತರಿ ಮುಟ್ಟಬೇಕು. ನಾನು ಬೈಲಹೊಂಗಲದಲ್ಲಿ ಜಂಪರ್, ಅಂದರೆ ರವಿಕೆ, ಹೊಲಿದು ಬದುಕುವವಳು. ಲೈನಿಂಗ್ ಬಟ್ಟೆಯನ್ನು ನೆನೆಹಾಕದೆ ಹೊಲಿದರೆ ಮೊದಲ ಒಗೆತಕ್ಕೇ ಅದು ಕುಗ್ಗುತ್ತದೆ, ತೊಟ್ಟವಳಿಗೆ ಉಸಿರಾಡಲು ಆಗುವುದಿಲ್ಲ, ಅವಳು ಓಣಿಗೆಲ್ಲ ಕೇಳುವಂತೆ ನನ್ನ ಮಾನ ಹರಾಜು ಹಾಕುತ್ತಾಳೆ. ಗಾಢ ಬಣ್ಣದ ಬಟ್ಟೆಯಾದರೆ ನೀರಿಗೆ ಒಂದು ಮುಷ್ಟಿ ಉಪ್ಪನ್ನೂ ಹಾಕಬೇಕು. ಆದ್ದರಿಂದ ಆ ದಿನ ಕೊರಿಯರ್‌ನವನು ಪೈಪಿಗೆ ಸುತ್ತಿದ್ದ ಕರಿ ಬಟ್ಟೆಯನ್ನು ಕೊಟ್ಟು ಹೋದಾಗ ನಾನು ಅದನ್ನು ಬಿಚ್ಚಿ, ಬಕೆಟ್ಟಿನಲ್ಲಿ ಅದುಮಿ, ಉಪ್ಪು ಹಾಕಿ, ಮೇಲೊಂದು ತಾಟು ಮುಚ್ಚಿ ನನ್ನ ಮಷೀನಿನ ಮುಂದೆ ಕುಳಿತೆ.

ಮಧ್ಯಾಹ್ನ ಊಟಕ್ಕೆ ಬಂದ ಗಂಡ ತಾಟು ಎತ್ತಿ ನೋಡಿದ.

"ಏನ ಇದು?"

"ನಿಮ್ಮ ಗಾಡಿ ಬಟ್ಟಿರಿ. ಕರೀದ ಐತಿ, ಬಣ್ಣ ಬಿಡತೈತಿ ಅಂತ ಉಪ್ಪ ಹಾಕೇನಿ."

ಅವನು ಹೊಸ್ತಿಲ ಮೇಲೆ ಕುಸಿದು ಕುಳಿತ.

"ಬಣ್ಣ ಎಲ್ಲೀದು? ಅದರ ನೂಲ ಹುಟ್ಟಾ ಕರೀದು! ಕಾರ್ಬನ್ ಅದು, ಕಾರ್ಬನ್! ಅದಕ್ಕ ನೀರ ಅಂದ್ರ ವಿಷ!"

"ಹಂಗಂತ ಅದರ ಮ್ಯಾಲ ಬರದಿತ್ತೇನ್ರಿ? ಮೊದಲ ಹೊಸ್ತಿಲಾ ಬಿಟ್ಟ ಏಳ್ರಿ, ಸಂಕಟ ಬಂದ್ರ ಒಳಗ ಕುಂತ ಪಡ್ರಿ."

ನನ್ನ ಗಂಡನಿಗೆ ಬೆಳಗಾವಿ ರಸ್ತೆಯಲ್ಲಿ ಒಂದು ತಗಡಿನ ಶೆಡ್ ಇದೆ. ಜಜ್ಜಿದ ಗಾಡಿಗಳನ್ನು ಬಡಿದು ಬಣ್ಣ ಹೊಡೆಯುವುದು, ಟ್ರ್ಯಾಕ್ಟರ್‌ಗೆ ಫೈಬರ್ ಟಾಪ್ ಮಾಡುವುದು ಅವನ ಕೆಲಸ. ಇತ್ತೀಚೆಗೆ ಊರಿನ ಹುಡುಗರಿಗೆ ಕಾರ್ಬನ್ನಿನ ಹುಚ್ಚು ಹಿಡಿದಿದೆ. ಫೋನಿನಲ್ಲಿ ಯಾವುದೋ ದೇಶದವನ ಬೈಕು ನೋಡಿ, ತಮ್ಮ ಗಾಡಿಗೂ ಹಾಗೇ ಕರಿ ಚೌಕಳಿ ಬೇಕೆಂದು ಬರುತ್ತಾರೆ. ಬಹಳ ಜನ ಸ್ಟಿಕ್ಕರ್ ಅಂಟಿಸಿಕೊಂಡು ತೃಪ್ತರಾಗುತ್ತಾರೆ. ನನ್ನ ಗಂಡ ಮಾತ್ರ ವಿಡಿಯೋ ನೋಡಿ ನೋಡಿ ನಿಜವಾದದ್ದನ್ನೇ ಮಾಡಲು ಕಲಿತ. ಅದರಲ್ಲಿ ಅಂಥಾ ಬ್ರಹ್ಮವಿದ್ಯೆ ಏನಿಲ್ಲ. ಗಾಡಿಯ ಭಾಗಕ್ಕೆ ಮೇಣ ತಿಕ್ಕಿ ಅದರ ಮೇಲೆ ಫೈಬರಿನಲ್ಲಿ ಅಚ್ಚು ತೆಗೆಯಬೇಕು, ಅಚ್ಚಿನೊಳಗೆ ಈ ಕರಿ ಬಟ್ಟೆ ಹಾಸಬೇಕು, ರೆಸಿನ್ ಎಂಬ ಅಂಟು ಕುಡಿಸಬೇಕು, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಒಳಗಿನ ಗಾಳಿ ಎಳೆದು ಬಿಡಬೇಕು. ಗಾಳಿ ಎಳೆಯುವುದು ಗುಜರಿಯಿಂದ ತಂದ ಫ್ರಿಜ್ಜಿನ ಕಂಪ್ರೆಸರ್. ಒಣಗಿದ ಮೇಲೆ ಬರುವ ಸಾಮಾನು ತಗಡಿನಷ್ಟು ಗಟ್ಟಿ, ಹಪ್ಪಳಕ್ಕಿಂತ ಸ್ವಲ್ಪ ಭಾರ.

ಆದರೆ ಆ ಬಕೆಟ್ಟಿನಲ್ಲಿದ್ದದ್ದು ಯಾವ ಹುಡುಗನ ಗಾಡಿಯ ಬಟ್ಟೆಯೂ ಅಲ್ಲ. ಅದು ನಮ್ಮಪ್ಪನ ಗಾಡಿಯದು.

ನಮ್ಮಪ್ಪ ಚಚಡಿಯ ಹತ್ತಿರದ ಹಳ್ಳಿಯಲ್ಲಿ ನನ್ನ ಅಣ್ಣನ ಸಂಸಾರದ ಜೊತೆ ಇದ್ದಾನೆ. ಎಪ್ಪತ್ತು ದಾಟಿದವನು, ಧೋತರ ಉಡುವವನು, ಸಿಟ್ಟಿನಲ್ಲಿ ನನ್ನ ಅಪ್ಪನೇ ಹೌದು. ಅವನ ಹಳೆಯ ಮೋಟಾರ್ ಸೈಕಲ್ಲಿಗೆ ನನ್ನಷ್ಟೇ ವಯಸ್ಸು ಎಂದು ಅವನೇ ಹೇಳುತ್ತಾನೆ, ಸುಳ್ಳು ಹೇಳುತ್ತಾನೆ. ಅವ್ವ ತೀರಿಕೊಂಡ ಮೇಲೆ ಪ್ರತಿ ಶುಕ್ರವಾರ ಆ ಗಾಡಿ ಹೊಡೆದುಕೊಂಡು ನಮ್ಮ ಮನೆಗೆ ಬರುತ್ತಿದ್ದ. ಒಂದು ಚೀಲದಲ್ಲಿ ಜೋಳ, ಇಲ್ಲವೆ ಶೇಂಗಾ, ಇಲ್ಲವೆ ಹಸಿ ಕಡಲೆ. ನನ್ನ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಚಹಾ ಸರಿಯಿಲ್ಲ ಎಂದು ಬೈದು, ಎರಡನೆಯ ಸಲವೂ ಅದೇ ಚಹಾ ಕುಡಿದು ಹೋಗುತ್ತಿದ್ದ. ಮಾತು ಇಷ್ಟೇ. ಆದರೆ ನನ್ನ ತವರು ಬರುತ್ತಿದ್ದದ್ದು ಆ ಎರಡು ಗಾಲಿಯ ಮೇಲೆ.

ಒಂದು ದಿನ ಸಂತೆಗೆಂದು ಹೋದಾಗ ಯರಗಟ್ಟಿಯಲ್ಲಿ ಅವನು ಗಾಡಿ ಕೆಡವಿದ. ಓಡಿಸುವಾಗ ಅಲ್ಲ, ನಿಂತಿದ್ದಾಗ. ಬಸ್ಸಿಗೆ ದಾರಿ ಬಿಡಲು ಕಾಲು ಊರಿದ, ರಸ್ತೆಯ ಮೇಲೆ ಚೆಲ್ಲಿದ್ದ ಗೋವಿನಜೋಳದ ಕಾಳಿನ ಮೇಲೆ ಚಪ್ಪಲಿ ಜಾರಿತು, ಗಾಡಿ ಮಲಗಿತು. ಅವನಿಗೆ ಏನೂ ಆಗಲಿಲ್ಲ. ಆದರೆ ಎತ್ತಲು ಹೋದರೆ ಗಾಡಿ ಏಳಲಿಲ್ಲ. ಯಾರೋ ಬಂದು ಎತ್ತಿಕೊಟ್ಟರು, ಯಾರೋ ಫೋನ್ ಮಾಡಿದರು, ಅಪ್ಪ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿ ಅಣ್ಣ ಊರಬಾಗಿಲ ಅಗಸಿಯಲ್ಲಿ ನಿಂತಿದ್ದ.

"ಗಾಡಿ ಮಾರೂದ," ಎಂದ ಅಣ್ಣ. "ಬೈಲಹೊಂಗಲಕ್ಕ ಹೋಗೂದಿದ್ರ ನಾ ಕಾರಿನ್ಯಾಗ ಕರಕೊಂಡ ಹೋಗತೇನಿ, ಬಿಡುವಾದಾಗ."

ಅಣ್ಣನ ಬಿಡುವು ಎಂಥದ್ದೆಂದು ನನಗೆ ಗೊತ್ತು. ನನ್ನ ಮನೆಗೆ ಅವನು ಕಾಲಿಟ್ಟು ಎರಡು ದೀಪಾವಳಿ ಆಗಿದ್ದವು. ಇನ್ನು ಅಪ್ಪ ಬಸ್ಸು ಹತ್ತುವ ಮನುಷ್ಯನಲ್ಲ. ಕಂಡಕ್ಟರ್ ತನಗೆ ಹಿಂದೆ ಸರಿ ಎಂದು ಹೇಳುವುದನ್ನು ಅವನು ಸಹಿಸಲಾರ. ಗಾಡಿ ಹೋದರೆ ಶುಕ್ರವಾರವೂ ಹೋಯಿತು. ನಾನು ಫೋನಿನಲ್ಲಿ ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನೂ ಬೈದ. ಬೈದು ಬೈದು ಇಬ್ಬರಿಗೂ ಸುಸ್ತಾದ ಮೇಲೆ ಅವನು ಒಂದು ಷರತ್ತಿಗೆ ಬಂದ.

"ಗಾಡಿ ಅಂಗಳದಾಗ ಮಲಗಸ್ತೇನಿ. ಅಪ್ಪ ಒಬ್ಬನ ಎತ್ತಿ ನಿಲ್ಲಿಸಲಿ. ನಿಲ್ಲಿಸಿದ್ರ ಅವನ್ದು. ಇಲ್ಲಾಂದ್ರ ಮಾರೂದು, ನೀ ಪಿಟ್ಟ ಅನ್ನಬಾರದು."

"ಬ್ಯಾಸಗಿ ಮುಗಿಯೂತನಕ ಟೈಮ್ ಕೊಡು," ಎಂದೆ.

ಅಪ್ಪನ ಶಕ್ತಿ ಹೆಚ್ಚಿಸುವುದು ನನ್ನ ಕೈಯಲ್ಲಿ ಇರಲಿಲ್ಲ. ಗಾಡಿಯ ಭಾರ ಕಡಿಮೆ ಮಾಡಬಹುದಲ್ಲ ಎಂದು ಗಂಡನನ್ನು ಹಿಡಿದುಕೊಂಡೆ. ಅವನು ತಲೆ ಕೆರೆದುಕೊಂಡು, ಮಡ್‌ಗಾರ್ಡು, ಪಕ್ಕದ ಕವರು, ಚೈನ್ ಕವರು, ಇವನ್ನು ಕಾರ್ಬನ್ನಿನಲ್ಲಿ ಮಾಡಬಹುದು, ಆದರೆ ಇಂಜಿನ್ನು ಇಂಜಿನ್ನೇ, ಅದನ್ನು ಹೊಲಿಯಲು ಬರುವುದಿಲ್ಲ ಎಂದ. ಹಾಗೆ ಬಟ್ಟೆ ತರಿಸಿದ. ಹಾಗೆ ನಾನು ಅದಕ್ಕೆ ಉಪ್ಪು ನೀರು ಕುಡಿಸಿದೆ.

ಆ ಬಟ್ಟೆಯನ್ನು ಬಿಡುವ ಮನಸ್ಸು ಇಬ್ಬರಿಗೂ ಬರಲಿಲ್ಲ. ತಂತಿಯ ಮೇಲೆ ಒಣಹಾಕಿದೆ. ಹೆಣಿಗೆಯೆಲ್ಲ ಸೊಟ್ಟಗಾಗಿ, ಅಂಚಿನಿಂದ ಕರಿ ಎಳೆಗಳು ಉದುರಿ, ಗಾಳಿಗೆ ಹಾರಿ ಪಕ್ಕದ ಮನೆಯ ಸಂಡಿಗೆಯ ಮೇಲೆ ಬಿದ್ದು ಅಲ್ಲೊಂದು ಜಗಳ. ಮುಟ್ಟಿದ ಕೈ ಮೂರು ದಿನ ತುರಿಸಿತು. ಅದರಲ್ಲೇ ಒಂದು ಮುಂದಿನ ಮಡ್‌ಗಾರ್ಡ್ ಮಾಡಿದೆವು. ಅಚ್ಚಿನಿಂದ ಬಿಚ್ಚಿದಾಗ ಮೈತುಂಬ ಬೊಬ್ಬೆ, ನಡುನಡುವೆ ಬಿಳಿ ಕಲೆ, ಒತ್ತಿದರೆ ಪದರ ಪದರವಾಗಿ ಏಳುತ್ತಿತ್ತು. ಶುಕ್ರವಾರ ಬಂದ ಅಪ್ಪ ಅದನ್ನು ತಿರುವಿ ನೋಡಿದ. ಆಗಿನ್ನೂ ಗಾಡಿಯನ್ನು ನಮ್ಮ ಶೆಡ್ಡಿನಲ್ಲಿ ಬಿಟ್ಟಿರಲಿಲ್ಲ, ಅದು ಅವನ ಕೈಯಲ್ಲೇ ಇತ್ತು. ಅಣ್ಣನ ಕಣ್ಣು ತಪ್ಪಿಸಿ ಬರುತ್ತಿದ್ದ.

"ಏನ ಬೇ ಇದು, ಗಾಡಿಗೆ ಸಿಡುಬ ಬಂದೈತಿ?"

"ನಕ್ಕೊ. ನಿನ್ನ ಸಲುವಾಗಿನ ಮಾಡಾಕತ್ತೇವಿ ಇದನ್ನ."

"ನನ್ನ ಸಲುವಾಗಿ ಮಾಡೂದಿದ್ರ ಒಂದ ಛಲೋ ಚಹಾ ಮಾಡ."

ಆ ಮಡ್‌ಗಾರ್ಡನ್ನು ತಲೆಕೆಳಗೆ ಇಟ್ಟು ನಮ್ಮ ಓಣಿಯ ನಾಯಿಗೆ ಅದರಲ್ಲಿ ನೀರು ಇಡತೊಡಗಿದೆ. ಈ ಜಿಲ್ಲೆಯಲ್ಲಿ ಕಾರ್ಬನ್ ಫೈಬರಿನಲ್ಲಿ ನೀರು ಕುಡಿಯುವ ನಾಯಿ ಅದೊಂದೇ ಇರಬೇಕು.

ಎರಡನೆಯ ಬಟ್ಟೆ ಬಂದಾಗ ಗಂಡ ಅದನ್ನು ನನ್ನ ಕೈಗೆ ಕೊಡದೆ ಶೆಡ್ಡಿನಲ್ಲಿ ಬೀಗ ಹಾಕಿ ಇಟ್ಟ. ತಾನೇ ಕತ್ತರಿಸಲು ಕುಳಿತ. ಮಡ್‌ಗಾರ್ಡಿನ ಬಾಗಿನಲ್ಲಿ ಬಟ್ಟೆ ಕೂರುತ್ತಲೇ ಇಲ್ಲ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ನಿರಿಗೆ. ನಾನು ಊಟದ ಡಬ್ಬಿ ಕೊಡಲು ಹೋದವಳು ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ ಕತ್ತರಿ ಕಸಿದುಕೊಂಡೆ. ಕಟೋರಿ ಜಂಪರ್ ಹೊಲಿಯುವ ಯಾವ ಹೆಣ್ಣುಮಗಳಿಗಾದರೂ ಗೊತ್ತು, ದುಂಡನೆಯ ಜಾಗಕ್ಕೆ ಬಟ್ಟೆಯನ್ನು ಓರೆಯಾಗಿ, ಕ್ರಾಸ್ ಕತ್ತರಿಸಬೇಕು. ಆಗ ಅದು ಮೈಗೆ ತಾನೇ ಹೊಂದಿಕೊಳ್ಳುತ್ತದೆ. ಪೇಪರಿನಲ್ಲಿ ಅಳತೆ ತೆಗೆದು, ಅಂಚಿಗೆ ಟೇಪ್ ಹಚ್ಚಿ, ಕ್ರಾಸ್ ಕತ್ತರಿಸಿ ಕೊಟ್ಟೆ. ಬಟ್ಟೆ ಅಚ್ಚಿನಲ್ಲಿ ಕುಳಿತುಕೊಂಡಿತು.

"ಇದನ್ನ ಮೊದಲ ಹೇಳಬಾರದ?" ಎಂದ ಗಂಡ.

"ಬೀಗಾ ಹಾಕಿ ಇಟ್ಟಿದ್ರೆಲ್ಲ, ಬಾಗಲಾ ಬಡದ ಹೇಳಲೇನ್ರಿ?"

ಆ ಬೇಸಿಗೆಯಲ್ಲಿ ನನ್ನ ಗಿರಾಕಿಗಳ ಜಂಪರುಗಳು ಮೂಲೆಯಲ್ಲಿ ಬಿದ್ದವು. ಲಗ್ನದ ಸೀಜನ್ನು, ಬೈಗುಳಕ್ಕೆ ಬರವಿರಲಿಲ್ಲ. ನಾನು ಮಾಸ್ಕು, ಗ್ಲೌಸು ಹಾಕಿಕೊಂಡು ಶೆಡ್ಡಿನಲ್ಲಿ ಕತ್ತರಿಸುತ್ತಿದ್ದೆ, ಅವನು ಅಂಟು ಬಳಿಯುತ್ತಿದ್ದ. ಬಿಸಿಲು ಎಂಥದ್ದೆಂದರೆ, ಒಮ್ಮೆ ಕಲಸಿಟ್ಟ ರೆಸಿನ್ ಮಗ್ಗಿನಲ್ಲೇ ಕುದ್ದು ಹೊಗೆ ಬಂದು ಕಲ್ಲಾಯಿತು. ಅದರಲ್ಲಿ ಬ್ರಷ್ಷು ನೆಟ್ಟಗೆ ನಿಂತಿತ್ತು, ಲಿಂಗದಂತೆ. ಹಾಗೆ ಅಂದಿದ್ದಕ್ಕೆ ಗಂಡ ಗಲ್ಲ ಗಲ್ಲ ಬಡಿದುಕೊಂಡ, ಆಮೇಲೆ ನಕ್ಕ.

ಮಡ್‌ಗಾರ್ಡುಗಳು ಆದವು, ಕವರುಗಳು ಆದವು. ತೂಗಿ ನೋಡಿದರೆ ಕಡಿಮೆಯಾದ ಭಾರ ಒಂದು ಕುಂಬಳಕಾಯಿಯಷ್ಟು. ನನಗೆ ಅಳು ಬಂದಂತಾಯಿತು. ಆಗ ಗಂಡ ಹೇಳಿದ್ದು ಸರಿಯಿತ್ತು: ಗಾಡಿಯ ಮೇಲಿನ ನಿಜವಾದ ಭಾರ ಅಪ್ಪ ವರ್ಷಗಟ್ಟಲೆ ಏರಿಸಿದ ಕಬ್ಬಿಣ. ಮುಂದೆ ದಪ್ಪ ಲೆಗ್ ಗಾರ್ಡ್, ಹಿಂದೆ ಹಾಲಿನ ಕ್ಯಾನಿಗೆಂದು ಮಾಡಿಸಿದ ಕ್ಯಾರಿಯರ್, ಎಡಕ್ಕೆ ದೊಡ್ಡ ಸೀರೆ ಗಾರ್ಡ್. ಅಪ್ಪನನ್ನು ಶೆಡ್ಡಿಗೆ ಕರೆಸಿ ಬಿಚ್ಚುತ್ತೇವೆ ಎಂದೆವು. ಲೆಗ್ ಗಾರ್ಡಿಗೆ ಗೊಣಗಿದ, ಒಪ್ಪಿದ. ಕ್ಯಾರಿಯರ್‌ಗೆ ಬೈದ, ಒಪ್ಪಿದ. ಸೀರೆ ಗಾರ್ಡಿನ ನಟ್ಟಿಗೆ ಪಾನಾ ಹಾಕಿದ ಕೂಡಲೇ ಅಳಿಯನ ಕೈ ಹಿಡಿದ.

"ಅದೊಂದ ಬ್ಯಾಡ್ರಿ."

"ಅಪ್ಪಾ, ಅದರ ಮ್ಯಾಲ ಕಾಲ ಇಡಾವರು ಯಾರದಾರ ಈಗ?" ಎಂದುಬಿಟ್ಟೆ. ನನ್ನ ಬಾಯಿಗೆ ಹುಳ ಬೀಳಲಿ, ಹಾಗೆ ಅಂದೆ.

ಅಪ್ಪ ನನ್ನ ಕಡೆ ನೋಡಲಿಲ್ಲ. ಸೀರೆ ಗಾರ್ಡಿನ ಕೆಳಗಿನ ಪಟ್ಟಿಯನ್ನು ಹೆಬ್ಬೆರಳಿಂದ ಸವರಿದ. ಅಲ್ಲಿ ಅವ್ವ ಕಾಲು ಇಟ್ಟು ಇಟ್ಟು ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಲಗ್ನಕ್ಕೆ, ಸಂತೆಗೆ, ಹುಣ್ಣಿಮೆಗೆ ಉಗರಗೋಳದ ದಾರಿ ಹಿಡಿದು ದೇವಿಯ ಗುಡ್ಡಕ್ಕೆ, ಎಲ್ಲ ಕಡೆಗೂ ಅವಳು ಅಡ್ಡ ಕುಳಿತೇ ಹೋಗಿದ್ದಳು.

"ಅದರ ಅಚ್ಚ ತಗೋತೇನ್ರಿ ಮಾವಾರ," ಎಂದ ನನ್ನ ಗಂಡ ಪಾನಾ ಕೆಳಗಿಟ್ಟು. "ಹಂಗಿಂದ ಹಂಗ ಕಾರ್ಬನ್ನಿನ್ಯಾಗ ಮಾಡತೇನಿ. ಹಳೇದನ್ನ ನೀವ ಮನ್ಯಾಗ ಇಟ್ಕೊಳ್ರಿ."

ಅಷ್ಟು ಒಳ್ಳೆಯ ಮಾತು ಆ ಮನುಷ್ಯನ ಬಾಯಿಂದ ನನ್ನ ಸಲುವಾಗಿ ಎಂದೂ ಬಂದಿರಲಿಲ್ಲ. ಆ ಸೀರೆ ಗಾರ್ಡಿಗೆ ಬಟ್ಟೆಯನ್ನು ನಾನೇ ಕತ್ತರಿಸಿದೆ, ನಾನೇ ಹಾಸಿದೆ. ಕಾಲಿಡುವ ಪಟ್ಟಿಗೆ ಒಂದರ ಮೇಲೊಂದು ಪದರ ಹೆಚ್ಚು ಹಾಕಿದೆ. ಯಾರ ಕಾಲಿಗೆ ಎಂದು ಗಂಡ ಕೇಳಿದ, ನಾನು ಇನ್ನೊಂದು ಪದರ ಹಾಸಿದೆ.

ಬೇಸಿಗೆ ಮುಗಿಯಿತು. ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ನಾನೂ ಗಂಡನೂ ತವರಿಗೆ ಹೋದೆವು. ಮೈಯೆಲ್ಲ ಕರಿ ಚೌಕಳಿ ಮಿಂಚುವ ಹಳೆಯ ಗಾಡಿಯನ್ನು ನೋಡಲು ಅಗಸಿಯಿಂದ ಜನ ಬಂದರು. ಅಣ್ಣ ತಾನೇ ಅದನ್ನು ಅಂಗಳದಲ್ಲಿ, ಗೋಣಿಚೀಲ ಹಾಸಿ, ಮಲಗಿಸಿದ. ಅಷ್ಟು ಮಟ್ಟಿಗೆ ಅವನೂ ಒಳ್ಳೆಯವನೇ.

ಅಪ್ಪ ಧೋತರ ಬಿಗಿದ. ಹ್ಯಾಂಡಲ್ಲು ಹಿಡಿದ, ಸೀಟಿನ ಕೆಳಗೆ ಇನ್ನೊಂದು ಕೈ ಹಾಕಿದ, ಎತ್ತಿದ. ಗಾಡಿ ಮೊಣಕಾಲಿನ ತನಕ ಎದ್ದಿತು. ಅವನ ಕುತ್ತಿಗೆಯ ನರ ಉಬ್ಬಿತು, ಗಾಡಿ ನಿಧಾನಕ್ಕೆ ಮತ್ತೆ ಚೀಲದ ಮೇಲೆ ಮಲಗಿತು. ಇನ್ನೊಮ್ಮೆ ಎತ್ತಿ ನೋಡಿದ. ಅಷ್ಟೂ ಏಳಲಿಲ್ಲ. ಅಣ್ಣ ಗೆದ್ದ ಮುಖ ಮಾಡಿದ್ದರೆ ಅವನನ್ನು ಅಲ್ಲೇ ಹರಿದು ಹಾಕುತ್ತಿದ್ದೆ. ಅವನು ನೆಲ ನೋಡುತ್ತಿದ್ದ.

ನನಗೆ ಬಂದ ಸಿಟ್ಟು ಯಾರ ಮೇಲೋ ಗೊತ್ತಿಲ್ಲ. ಅಣ್ಣನ ಮೇಲೆ, ಇಂಜಿನ್ನಿನ ಮೇಲೆ, ಅಪ್ಪನ ವಯಸ್ಸಿನ ಮೇಲೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸರೀರಿ ಎಲ್ಲಾರೂ" ಎಂದು ಹೋಗಿ, ಹ್ಯಾಂಡಲ್ಲಿಗೆ ಕೈ ಹಾಕಿ ಗಾಡಿಯನ್ನು ಎತ್ತಿ ನಿಲ್ಲಿಸಿದೆ. ಹುಡುಗಿಯಾಗಿದ್ದಾಗ ಅಪ್ಪ ಇದೇ ಗಾಡಿಯನ್ನು ಖಾಲಿ ಕಣದಲ್ಲಿ ನನಗೆ ಕಲಿಸಿದ್ದ. ಒಂದು ದಿನ ಕೆಡವಿದೆ, ಎತ್ತಲಾಗಲಿಲ್ಲ, ಅವ್ವ ಅಂದೇ ಬಿಡಿಸಿದಳು. ಈಗ ಎದ್ದಿತು. ಕಾರ್ಬನ್ನೋ, ಸಿಟ್ಟೋ, ಮಷೀನು ತುಳಿದು ತುಳಿದು ಬಂದ ಕಸುವೋ, ಶಿವನೇ ಬಲ್ಲ.

ಅಪ್ಪ ಅಣ್ಣನ ಕಡೆ ತಿರುಗಿದ.

"ಒಬ್ಬರ ಎತ್ತಿ ನಿಲ್ಲಿಸಿದ್ರ ಅವರದ, ಅಂದಿದ್ದಿ ಹೌದಲ್ಲ?"

"ನೀ ಎತ್ತಿದ್ರ ಅಂದಿದ್ದೆ."

"ನಾ ಎತ್ತಿದ್ರ ನಂದು. ಅಕಿ ಎತ್ಯಾಳ, ಅಕೀದು," ಎಂದವನೇ ಅಂಗಿಯ ಕಿಸೆಯಿಂದ ಕೀಲಿ ತೆಗೆದು ನನ್ನ ಕೈಯಲ್ಲಿ ಇಟ್ಟ. "ತಂಗಿ, ಗೇರ್ ಹಾಕೂದ ಮರತಿಲ್ಲ ಹೌದಲ್ಲ?"

"ಮರತಿಲ್ಲ," ಎಂದೆ.

ಗಂಡನನ್ನು ಟೆಂಪೋದ ಜೊತೆ ಕಳಿಸಿದೆ. ಈಗ ಪ್ರತಿ ಶುಕ್ರವಾರ ನಾನೇ ತವರಿಗೆ ಹೋಗಿ ಅವನನ್ನು ಬೈಲಹೊಂಗಲಕ್ಕೆ ಕರೆತಂದು ಸಂಜೆಗೆ ಬಿಟ್ಟು ಬರುತ್ತೇನೆ. ಜಂಪರಿನ ಗಿರಾಕಿಗಳು ಬೈದುಕೊಳ್ಳಲಿ. ಆದರೆ ಆ ಮೊದಲ ದಿನ ನಾನು ಕಿಕ್ ಹೊಡೆದು, ಹೊರಳಿ ಅಪ್ಪನನ್ನು ಕರೆದಾಗ, ಅವನು ಬಂದವನು ಕಾಲು ಎತ್ತಿ ದಾಟಿಸಲಿಲ್ಲ. ಮಂಡಿ ಬಾಗದೋ, ಬೇಕೆಂತಲೋ, ಎಡಗಡೆಯಿಂದ ಅಡ್ಡ ಕುಳಿತ. ಧೋತರದ ಚುಂಗನ್ನು ಗಾಲಿಗೆ ಸಿಗದ ಹಾಗೆ ಒಟ್ಟುಮಾಡಿ ಹಿಡಿದು, ನಾನು ಹೆಚ್ಚು ಪದರ ಹಾಕಿದ ಆ ಪಟ್ಟಿಯ ಮೇಲೆ ಎರಡೂ ಕಾಲು ಜೋಡಿಸಿ ಇಟ್ಟ.

"ಸಾವಕಾಶ ಹೊಡಿ ಬೇ," ಎಂದ ನನ್ನ ಭುಜ ಹಿಡಿದು. "ನಿಮ್ಮವ್ವ ಇಲ್ಲೆ ಕುಂತ ಎಂದೂ ಬಿದ್ದಾಕಿ ಅಲ್ಲ."